ಕೊನೆಯ ಪದ

ಬಂದರಿನ ದಕ್ಕೆಯಲ್ಲಿ ಎಂಟೂಕಾಲರ ಫೆರಿ ಹತ್ತಿ,
ಎರಡು ಸೈಕಲ್, ಮೂರು ಬುಟ್ಟಿ ಮಂಜುಗಡ್ಡೆ, ಒಂದು ಗ್ಯಾಸ್ ಸಿಲಿಂಡರು,
ಅವುಗಳ ನಡುವೆ ಮಡಿಲಲ್ಲಿ ಪಾಠಯೋಜನೆಯ ಪುಸ್ತಕ ಬಿಡಿಸಿದೆ.
ಐದನೇ ತರಗತಿ. ಗಣಿತ. ಭಿನ್ನರಾಶಿ.
ಉದ್ದೇಶ ಎಂಬ ಕಾಲಮಿನಲ್ಲಿ ಬರೆದೆ:
'ವಿದ್ಯಾರ್ಥಿಗಳು ಭಿನ್ನರಾಶಿಯ ಪರಿಕಲ್ಪನೆಯನ್ನು ತಿಳಿಯುವರು.'
ಬೆಂಗ್ರೆಗೆ ಹೊಳೆ ದಾಟಲು ಏಳು ನಿಮಿಷ.
ಅಷ್ಟರಲ್ಲಿ ಮೂವತ್ತೊಂದು ಮಕ್ಕಳಿಗೆ
ತಿಳುವಳಿಕೆ ಕೊಟ್ಟು ಮುಗಿಸಿದ್ದೆ.

ಜಲಜಾಕ್ಷಿ ಟೀಚರ ನಿವೃತ್ತಿಗೆ ಇನ್ನು ಎಂಟು ತಿಂಗಳು.
ಕೆಂಪು ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆದು
ಕೊನೆಯ ಪದಕ್ಕೆ ಮಾತ್ರ ಒಂದು ಸುತ್ತು ಹಾಕಿದರು.
'ಎಂತ ಇದು, ತಿಳಿಯುವರು?
ತಿಳಿದದ್ದನ್ನು ನೀವು ಕಣ್ಣಲ್ಲಿ ಕಂಡದ್ದುಂಟಾ ಲವೀನಾ ಟೀಚರ್?
ಕೈ ಎಂತ ಮಾಡ್ತದೆ, ಬಾಯಿ ಎಂತ ಹೇಳ್ತದೆ, ಅದು ಬರೀರಿ.
ಮೀನು ಬಂತು ಅಂದರೆ ಆಯ್ತಾ?
ಯಾವ ಮೀನು, ಎಷ್ಟು ಬುಟ್ಟಿ ಅಂತ ಬೇಡವಾ?'

ಸಿಟ್ಟು ಬಂತು, ನಿಜ.
ಟ್ರೈನಿಂಗಿನಲ್ಲಿ ಪಟ್ಟಿಯೇ ಕೊಟ್ಟಿದ್ದರು, ಗೊತ್ತು ನನಗೆ:
ಗುರುತಿಸು, ಹೆಸರಿಸು, ವಿಂಗಡಿಸು, ಹೋಲಿಸು.
ಪರೀಕ್ಷೆಯ ಹಿಂದಿನ ರಾತ್ರಿ ಜಪಸರದ ಮಣಿಯಂತೆ ಎಣಿಸಿದ್ದೆ,
ಮರುದಿನ ಮಧ್ಯಾಹ್ನ ಅಲ್ಲೇ ಬಿಟ್ಟು ಬಂದಿದ್ದೆ.

ನಮ್ಮ ಭಾಷೆಯ ವಾಕ್ಯವೂ ಒಂದು ಫೆರಿಯೇ.
ಯಾರು, ಯಾವಾಗ, ಏನನ್ನು, ಯಾವುದರಿಂದ,
ಎಲ್ಲರೂ ಮೊದಲೇ ಹತ್ತಿ ಕೂತಿರುತ್ತಾರೆ.
ಅಂಬಿಗ ಬರುವುದು ಕೊನೆಗೆ.
ಅವನು ಬಂದು ಇಂಜಿನ್ನಿನ ಹಗ್ಗ ಎಳೆಯುವವರೆಗೆ
ದೋಣಿ ದಕ್ಕೆಯಲ್ಲೇ.

ಅರಿಯುವರು. ಹೊಡೆದು ಹಾಕಿದೆ.
ಗ್ರಹಿಸುವರು. ಮನಗಾಣುವರು.
ಎಲ್ಲ ನೀರೊಳಗಿನ ಮೀನೇ, ಒಂದೂ ಬುಟ್ಟಿಗೆ ಬರಲಿಲ್ಲ.
ಕೊನೆಗೆ ಬರೆದೆ:
'ಹನ್ನೆರಡು ಬಂಗುಡೆಗಳನ್ನು ಮೂವರಿಗೆ ಸಮನಾಗಿ ಹಂಚಿ
ಒಬ್ಬರ ಪಾಲನ್ನು ಭಿನ್ನರಾಶಿಯಲ್ಲಿ ಬರೆದು ತೋರಿಸುವರು.'
ತೋರಿಸುವರು. ದೊಡ್ಡ ಪದವೇನಲ್ಲ.
ಆದರೆ ಮೇಲೆ ಕಾಲಿಟ್ಟರೆ ಅಲುಗಾಡುವುದಿಲ್ಲ.

ಚಪ್ಪಲಿ ಡಬ್ಬದ ರಟ್ಟಿನಲ್ಲಿ ಬಂಗುಡೆ ಕತ್ತರಿಸಿ ತಂದೆ.
'ಗೊತ್ತಾಯ್ತಾ?' ಎಂದು ಕೇಳುವ ಚಟವನ್ನು
ನಾಲಿಗೆಯಡಿ ಒತ್ತಿ ಹಿಡಿದೆ. ಕೇಳಿದರೆ,
ಬ್ಯಾರಿಯಲ್ಲಿ ಕನಸು ಕಾಣುವವರೂ ತುಳುವಿನಲ್ಲಿ ಜಗಳಾಡುವವರೂ
'ಹೌದು ಟೀಚರ್' ಎಂದು ಒಂದೇ ರಾಗದಲ್ಲಿ ಕನ್ನಡವಾಡುತ್ತಾರೆ.

ಚೇತನ್ ಪುತ್ರನ್ ನಾಲ್ಕು ನಾಲ್ಕು ಜೋಡಿಸಿಟ್ಟ,
ಬರೆದ: ಮೂರರಲ್ಲಿ ಒಂದು. ಸರಿ.
ಅಫೀಫಾ ಮಾತ್ರ ಹನ್ನೆರಡನ್ನೂ ಎದುರಿಗೆ ಹರಡಿ
ಸುಮ್ಮನೆ ಕೂತಿದ್ದಳು.
'ದೋಣಿಗೆ ಪಾಲು ಇಲ್ವಾ ಟೀಚರ್?'
ಅಂದವಳೇ ನಾಲ್ಕನ್ನು ದೋಣಿಗೆ, ಎರಡನ್ನು ಬಲೆಗೆ ತೆಗೆದಿಟ್ಟಳು.
ಉಳಿದ ಆರು, ಮೂವರಿಗೆ ಎರಡೆರಡು.
ಬರೆದಳು: ಆರರಲ್ಲಿ ಒಂದು.
ಚಾಕ್‌ಪೀಸಿನ ಪುಡಿ ಊದಿ, ಸ್ವಲ್ಪ ತಡೆದು,
'ದೋಣಿ ನಮ್ಮದಲ್ಲ' ಅಂದಳು.

ಪುಸ್ತಕದಲ್ಲಿ ಮುಂದಿನ ಕಾಲಮು ಇಷ್ಟೇ ಅಗಲ:
ಸಾಧಿಸಿದೆ, ಸಾಧಿಸಿಲ್ಲ.
ಎರಡರ ನಡುವಿನ ಗೆರೆಯ ಮೇಲೆ
ನನ್ನ ಪೆನ್ನು ನಿಂತಿತ್ತು, ಬೆಲ್ಲು ಹೊಡೆಯುವವರೆಗೆ.

ಜಲಜಾಕ್ಷಿ ಟೀಚರ್ ಈ ಸಲ ಕೆಂಪು ಪೆನ್ನು ತೆಗೆಯಲಿಲ್ಲ.
'ಸಮನಾಗಿ' ಎಂಬಲ್ಲಿ ಉಗುರಿನಿಂದ ಸಣ್ಣ ಗೀರು.
'ಇದನ್ನು ಮಗುವಿಗೆ ಓದಿ ಹೇಳಿದ್ರಾ,
ಅಲ್ಲ ನನಗೆ ತೋರಿಸ್ಲಿಕ್ಕೆ ಮಾತ್ರ ಬರೆದದ್ದಾ?'
ಆಮೇಲೆ ಟಿಫಿನ್ ಡಬ್ಬಿ ತೊಳೆಯಲು ಹೋದರು.

ಸಂಜೆಯ ಫೆರಿ. ಅಳಿವೆಯ ಕಡೆಯಿಂದ ಗಾಳಿ,
ಹಾಳೆ ಹಾರದ ಹಾಗೆ ಮೊಣಕೈ ಊರಿ ಬರೆದೆ:
'ನಾಳೆ ವಿದ್ಯಾರ್ಥಿಗಳು ದೋಣಿಯ, ಬಲೆಯ, ಆಳಿನ ಪಾಲುಗಳನ್ನು'
ಎಂದು ಬರೆದೆ. ಕೂಡಿಸುವರು?
ಹೋಲಿಸುವರು? ಮನೆಯಲ್ಲಿ ಕೇಳಿಕೊಂಡು ಬರುವರು?
ದಕ್ಕೆಯ ಟಯರಿಗೆ ಫೆರಿ ಧಡ್ಡನೆ ತಾಗಿತು.
'ಇಳೀರಿ ಟೀಚರ್' ಅಂದ ಹಗ್ಗ ಹಿಡಿದ ಹುಡುಗ.
ಒಂದು ಪದ ಹಿಡಿಯುವಷ್ಟು ಜಾಗ ಬಿಟ್ಟು
ಪುಸ್ತಕ ಮುಚ್ಚಿದೆ.